ನೀಹಾರಿಕೆಯ ಮೊದಲ ಛಾಯಾಚಿತ್ರ

ಪುಷ್ಯ ಮಾಸದ ಅಮಾವಾಸ್ಯೆಯ ರಾತ್ರಿ ಹತ್ತು ಗಂಟೆಯ ಸುಮಾರಿಗೆ ಬೆಳಗಾವಿ ಜಿಲ್ಲೆಯ ನಾಗನೂರಿನ ಹೊರಗೆ, ಹೊಲದ ಬದುವಿನ ಮೇಲೆ ನಿಂತು ತಲೆಯೆತ್ತಿ ನೋಡಿದವರಿಗೆ ಮಹಾವ್ಯಾಧ ನಕ್ಷತ್ರಪುಂಜವು ನೆತ್ತಿಯಿಂದ ತುಸು ದಕ್ಷಿಣಕ್ಕೆ ಕಾಣಿಸುತ್ತದೆ. ವ್ಯಾಧನ ನಡುಪಟ್ಟಿಯಲ್ಲಿ ಸಾಲಾಗಿ ಮೂರು ಚಿಕ್ಕಿಗಳು. ಅವುಗಳ ಕೆಳಗೆ ಇಳಿಬಿದ್ದ ಖಡ್ಗ. ಆ ಖಡ್ಗದ ನಡುವೆ, ಉಸಿರು ತಾಗಿದ ಕನ್ನಡಿಯಂತೆ ಮಸುಕಾದ ಒಂದು ಚುಕ್ಕೆ. ಇದೇ ಮಹಾವ್ಯಾಧದ ನೀಹಾರಿಕೆ. ನಮ್ಮಿಂದ ಸುಮಾರು 1,300 ಜ್ಯೋತಿರ್ವರ್ಷಗಳ ದೂರದಲ್ಲಿರುವ ಈ ಅನಿಲರಾಶಿಯೊಳಗೆ ಇಂದಿಗೂ ಹೊಸ ನಕ್ಷತ್ರಗಳು ಜನ್ಮ ತಾಳುತ್ತಿವೆ.

ಪುಸ್ತಕಗಳಲ್ಲಿ ಅಚ್ಚಾಗಿರುವ ಇದರ ಚಿತ್ರವನ್ನು ವಾಚಕರು ನೋಡಿಯೇ ಇರುತ್ತಾರೆ. ಕೆಂಪು ರೆಕ್ಕೆಗಳನ್ನು ಹರಡಿದ ಹಕ್ಕಿಯಂತಹ ಆ ರೂಪವನ್ನು ಮನಸ್ಸಿನಲ್ಲಿಟ್ಟುಕೊಂಡು ದೂರದರ್ಶಕದೊಳಗೆ ಇಣುಕಿದವರಿಗೆ ಮೊದಲು ಆಗುವುದು ನಿರಾಶೆ. ಕೆಂಪೂ ಇಲ್ಲ, ರೆಕ್ಕೆಗಳೂ ಸ್ಪಷ್ಟವಿಲ್ಲ; ಬೂದುಬಣ್ಣದ ಹೊಗೆಯೊಂದು ತೇಲಿದಂತಿದೆ, ಅಷ್ಟೆ. ಹಾಗಾದರೆ ಪುಸ್ತಕದ ಚಿತ್ರ ಸುಳ್ಳೆ? ಅಲ್ಲ. ಕಣ್ಣು ನೋಡುವ ಕ್ರಮವೇ ಬೇರೆ, ಕ್ಯಾಮರಾ ನೋಡುವ ಕ್ರಮವೇ ಬೇರೆ. ಈ ಭೇದವನ್ನು ತಿಳಿಯಬೇಕಾದರೆ ಸ್ವತಃ ಒಂದು ಚಿತ್ರವನ್ನು ತೆಗೆದು ನೋಡುವುದಕ್ಕಿಂತ ಉತ್ತಮವಾದ ದಾರಿ ಮತ್ತೊಂದಿಲ್ಲ.

ಕಣ್ಣು ಬೆಳಕನ್ನು ಕೂಡಿಡಲಾರದು. ಸೆಕೆಂಡಿನ ಹತ್ತನೆಯ ಒಂದು ಭಾಗದಷ್ಟು ಕಾಲ ಬಂದ ಬೆಳಕನ್ನು ಗ್ರಹಿಸಿ, ಅದನ್ನು ಬಿಟ್ಟು, ಮುಂದಿನದನ್ನು ಗ್ರಹಿಸುತ್ತದೆ. ಗಂಟೆಗಟ್ಟಲೆ ದಿಟ್ಟಿಸಿದರೂ ಮಸುಕಾದ ವಸ್ತು ಮಸುಕಾಗಿಯೇ ಉಳಿಯುತ್ತದೆ. ಛಾಯಾಚಿತ್ರದ ಫಲಕವಾದರೋ ಹನಿಹನಿಯಾಗಿ ಬೀಳುವ ನೀರನ್ನು ಹಿಡಿದಿಡುವ ಕೊಡದಂತೆ. ಹನಿ ಎಷ್ಟೇ ಚಿಕ್ಕದಿರಲಿ, ಕಾಯುವ ತಾಳ್ಮೆಯಿದ್ದರೆ ಕೊಡ ತುಂಬುತ್ತದೆ.

ಈ ಗುಣವನ್ನು ಮೊದಲು ಆಕಾಶದ ಆಳಕ್ಕೆ ಪ್ರಯೋಗಿಸಿದವರಲ್ಲಿ ಪ್ರಮುಖರು ಹವ್ಯಾಸಿಗಳೇ ಎಂಬುದು ಗಮನಾರ್ಹ. ಅಮೆರಿಕದ ವೈದ್ಯ ಹೆನ್ರಿ ಡ್ರೇಪರ್ ಅವರು 1880ರ ಸೆಪ್ಟೆಂಬರ್ 30ರಂದು 11 ಅಂಗುಲದ ದೂರದರ್ಶಕಕ್ಕೆ ಫಲಕವನ್ನು ಜೋಡಿಸಿ, ಸುಮಾರು 50 ನಿಮಿಷ ಬೆಳಕುಣ್ಣಿಸಿ, ಇದೇ ಮಹಾವ್ಯಾಧದ ನೀಹಾರಿಕೆಯ ಮೊದಲ ಛಾಯಾಚಿತ್ರವನ್ನು ಪಡೆದರು. ಇಂಗ್ಲೆಂಡಿನಲ್ಲಿ ಎಂಜಿನಿಯರರಾಗಿದ್ದ ಆಂಡ್ರ್ಯೂ ಕಾಮನ್ ಅವರು 1883ರಲ್ಲಿ 36 ಅಂಗುಲದ ದರ್ಪಣದಿಂದ ತೆಗೆದ ಚಿತ್ರದಲ್ಲಿ, ಅದೇ ದೂರದರ್ಶಕದಲ್ಲಿ ಕಣ್ಣಿಟ್ಟು ನೋಡಿದಾಗ ಕಾಣದಿದ್ದ ನಕ್ಷತ್ರಗಳೂ ಮೂಡಿದ್ದವು. ಅಂದಿನಿಂದ ಆಕಾಶದ ಅಧ್ಯಯನದಲ್ಲಿ ಕಣ್ಣಿನ ಅಧಿಕಾರ ಕುಗ್ಗಿ ಫಲಕದ ಅಧಿಕಾರ ಬೆಳೆಯಿತು.

ಈಗ ನಾಗನೂರಿನ ಓರ್ವ ವಿದ್ಯಾರ್ಥಿನಿಯನ್ನು ಊಹಿಸಿಕೊಳ್ಳೋಣ. ಅವಳಲ್ಲಿ 150 ಮಿಲಿಮೀಟರ್ ವ್ಯಾಸದ ದರ್ಪಣವುಳ್ಳ, 750 ಮಿಲಿಮೀಟರ್ ಸಂಗಮದೂರದ ದೂರದರ್ಶಕವೂ ಒಂದು ಸಾಮಾನ್ಯ ಕ್ಯಾಮರಾವೂ ಇವೆ. ಕತ್ತಲೆಗೆ ಹೊಂದಿಕೊಂಡ ಕಣ್ಣಿನ ಪಾಪೆಯ ವ್ಯಾಸ ಹೆಚ್ಚೆಂದರೆ 7 ಮಿಲಿಮೀಟರ್. ಆದ್ದರಿಂದ ಈ ದರ್ಪಣವು ಕಣ್ಣಿಗಿಂತ ಸುಮಾರು 460 ಪಟ್ಟು ಬೆಳಕನ್ನು ಸಂಗ್ರಹಿಸಬಲ್ಲುದು. ಇಷ್ಟೆಲ್ಲ ಇರುವಾಗ ಕಷ್ಟವೇನು ಎಂದುಕೊಂಡು ಅವಳು ತಂದೆಯನ್ನು ಜೊತೆಗೆ ಕರೆದುಕೊಂಡು ಹೊಲಕ್ಕೆ ಹೋಗಿ, ನೀಹಾರಿಕೆಯ ಕಡೆಗೆ ದೂರದರ್ಶಕವನ್ನು ತಿರುಗಿಸಿ, ಕಣ್ಣಿನ ಮಸೂರವನ್ನು ಕಳಚಿ, ಆ ಸ್ಥಾನದಲ್ಲಿ ಕ್ಯಾಮರಾ ಕೂರಿಸಿ, 30 ಸೆಕೆಂಡುಗಳ ಚಿತ್ರವನ್ನು ತೆಗೆಯುತ್ತಾಳೆ. ಫಲ? ನಕ್ಷತ್ರಗಳೆಲ್ಲ ಗೀಚಿದ ಗೆರೆಗಳಾಗಿವೆ. ನೀಹಾರಿಕೆಯು ಒರೆಸಿದ ಬಣ್ಣದಂತಾಗಿದೆ.

ಇದು ಯಂತ್ರದ ದೋಷವಲ್ಲ. ಭೂಮಿ ತಿರುಗುತ್ತಿದೆಯೆಂಬುದಕ್ಕೆ ಅವಳ ಕೈಗೆ ದೊರೆತ ಪ್ರತ್ಯಕ್ಷ ಸಾಕ್ಷ್ಯ. ಭೂಮಿಯು ಒಂದು ಗಂಟೆಗೆ 15 ಡಿಗ್ರಿ ತಿರುಗುತ್ತದೆ. ಎರಡು ನಿಮಿಷಗಳಲ್ಲಿ ನಕ್ಷತ್ರವೊಂದು ಹುಣ್ಣಿಮೆಯ ಚಂದ್ರನ ಅಗಲದಷ್ಟು ಸರಿಯುತ್ತದೆ. 750 ಮಿಲಿಮೀಟರ್ ಸಂಗಮದೂರದಲ್ಲಿ ನಕ್ಷತ್ರದ ಬಿಂಬವು 30 ಸೆಕೆಂಡುಗಳಲ್ಲಿ ಒಂದೂವರೆ ಮಿಲಿಮೀಟರಿಗೂ ಮಿಕ್ಕು ಚಲಿಸುತ್ತದೆ. ಕ್ಯಾಮರಾದ ಸಂವೇದಕದಲ್ಲಿರುವ ಬೆಳಕಿನ ಕೋಶ, ಎಂದರೆ ಪಿಕ್ಸೆಲ್, ಮಿಲಿಮೀಟರಿನ ಸಾವಿರದಲ್ಲಿ ನಾಲ್ಕು ಭಾಗದಷ್ಟಿದ್ದರೆ, ಬಿಂಬವು ಅಷ್ಟರಲ್ಲಿ 400 ಕೋಶಗಳನ್ನು ದಾಟಿಹೋಗಿರುತ್ತದೆ. ಒಂದೇ ಕೊಡಕ್ಕೆ ಬೀಳಬೇಕಾದ ಹನಿಗಳು 400 ಕೊಡಗಳಿಗೆ ಹಂಚಿಹೋದರೆ ಯಾವುದು ತಾನೆ ತುಂಬೀತು? ದೂರದರ್ಶಕವನ್ನು ಬದಿಗಿಟ್ಟು 50 ಮಿಲಿಮೀಟರಿನ ಸಾಮಾನ್ಯ ಮಸೂರದಿಂದ ತೆಗೆದರೆ ಈ ಚಲನೆ ಸೆಕೆಂಡಿಗೆ ಸುಮಾರು ಒಂದು ಕೋಶ ಮಾತ್ರ. ಆದಕಾರಣ ಮೊದಲ ಅಭ್ಯಾಸವನ್ನು ಬರಿಯ ಕ್ಯಾಮರಾದಿಂದ, ನಾಲ್ಕೈದು ಸೆಕೆಂಡುಗಳ ಚಿತ್ರಗಳಿಂದ ಆರಂಭಿಸುವುದು ಲೇಸು.

ದೂರದರ್ಶಕದಿಂದಲೇ ತೆಗೆಯಬೇಕೆಂದರೆ ಅದನ್ನು ಭೂಮಿಗೆ ಎದುರಾಗಿ, ಅದೇ ವೇಗದಲ್ಲಿ ತಿರುಗಿಸಬೇಕು. ಇದಕ್ಕಾಗಿ ಮೋಟಾರು ಜೋಡಿಸಿದ ಈಕ್ವಟೋರಿಯಲ್ ಪೀಠವೆಂಬ ಸಾಧನವಿದೆ. ಅದರ ಒಂದು ಅಕ್ಷವನ್ನು ಭೂಮಿಯ ಅಕ್ಷಕ್ಕೆ ಸಮಾಂತರವಾಗಿ, ಎಂದರೆ ಆಕಾಶದ ಉತ್ತರ ಧ್ರುವದ ಕಡೆಗೆ, ನಿಲ್ಲಿಸಬೇಕು. ಯಾವುದೇ ಊರಿನಲ್ಲಿ ಆ ಧ್ರುವದ ಎತ್ತರವು ಆ ಊರಿನ ಅಕ್ಷಾಂಶಕ್ಕೆ ಸಮ. ಲಂಡನ್ನಿನಲ್ಲಿ ಅದು 51 ಡಿಗ್ರಿಗಿಂತ ಮೇಲಿದೆ; ನಾಗನೂರಿನಲ್ಲಿ ಸುಮಾರು 16 ಡಿಗ್ರಿ ಮಾತ್ರ. ಹೀಗಾಗಿ ನಮ್ಮ ವಿದ್ಯಾರ್ಥಿನಿಗೆ ಧ್ರುವನಕ್ಷತ್ರವು ದಿಗಂತದ ಸಮೀಪದಲ್ಲಿ, ಮಬ್ಬಿನ ನಡುವೆ ಕಾಣಿಸುತ್ತದೆ. ಉತ್ತರದಲ್ಲಿ ಒಂದು ಬೇವಿನ ಮರವೋ ಎತ್ತರಕ್ಕೆ ಬೆಳೆದ ಕಬ್ಬೋ ಇದ್ದರೆ ಅದು ಮರೆಯಾಗುವುದೂ ಉಂಟು. ಅದಲ್ಲದೆ ಧ್ರುವನಕ್ಷತ್ರವು ನಿಜವಾದ ಧ್ರುವಬಿಂದುವಿನಲ್ಲಿಲ್ಲ. ಅದರಿಂದ ಅರ್ಧ ಡಿಗ್ರಿಗೂ ಸ್ವಲ್ಪ ಹೆಚ್ಚು ದೂರದಲ್ಲಿದೆ. ಆ ಅಂತರವನ್ನೂ ಲೆಕ್ಕಕ್ಕೆ ತೆಗೆದುಕೊಂಡು ಅಕ್ಷವನ್ನು ಸರಿಪಡಿಸಬೇಕು.

ಧ್ರುವವು ಇಷ್ಟು ಕೆಳಗಿರುವುದರಿಂದ ಒಂದು ಲಾಭವೂ ಇದೆ. ಉತ್ತರದ ಆಕಾಶ ಎಷ್ಟು ತಗ್ಗುವುದೋ ದಕ್ಷಿಣದ ಆಕಾಶ ಅಷ್ಟು ಮೇಲೇರುತ್ತದೆ. ಲಂಡನ್ನಿನ ದಿಗಂತದ ಮೇಲೆ ಎಂದೂ ಬಾರದ ಒಮೇಗಾ ಸೆಂಟಾರಿ ಎಂಬ ಮಹಾ ಗೋಳಗುಚ್ಛವು ನಾಗನೂರಿನಲ್ಲಿ ಸುಮಾರು 26 ಡಿಗ್ರಿ ಎತ್ತರಕ್ಕೆ ಬರುತ್ತದೆ. ಕಾಮನ್ ತಮ್ಮ ಮನೆಯಿಂದ ನೋಡಲಾರದಿದ್ದುದನ್ನು ನಮ್ಮ ವಿದ್ಯಾರ್ಥಿನಿ ತನ್ನ ಹೊಲದಿಂದಲೇ ಚಿತ್ರಿಸಬಲ್ಲಳು.

ಪೀಠ ಸರಿಯಾಯಿತು, ನಕ್ಷತ್ರಗಳು ಚುಕ್ಕೆಗಳಾಗಿ ನಿಂತವು. ಆದರೂ ಎರಡನೆಯ ಪ್ರಯತ್ನದ ಚಿತ್ರದಲ್ಲಿ ಅವು ಊದಿದ ಬಟಾಣಿಗಳಂತಿವೆ. ಬಿಂಬದ ಸಂಗಮವು ಕೂದಲೆಳೆಯಷ್ಟು ತಪ್ಪಿದರೂ ಹೀಗಾಗುತ್ತದೆ. ಉಜ್ವಲವಾದ ಒಂದು ನಕ್ಷತ್ರವನ್ನು ಹಿಡಿದು, ಪರದೆಯ ಮೇಲೆ ಹಿಗ್ಗಿಸಿ ನೋಡುತ್ತ, ಅದು ಅತ್ಯಂತ ಚಿಕ್ಕ ಚುಕ್ಕೆಯಾಗುವವರೆಗೆ ಸರಿಪಡಿಸಬೇಕು. ರಾತ್ರಿ ತಂಪೇರಿದಂತೆ ಮತ್ತೊಮ್ಮೆ ಪರೀಕ್ಷಿಸಬೇಕು. ನೀರುಂಡ ಹೊಲಗಳ ನಡುವೆ ಚಳಿಗಾಲದಲ್ಲಿ ಇಬ್ಬನಿಯು ಗಾಜಿನ ಮೇಲೆ ಕೂಡುತ್ತದೆ. ಕಬ್ಬು ಕಡಿದ ಮೇಲೆ ರವದಿಗೆ ಬೆಂಕಿಯಿಟ್ಟ ದಿನಗಳಲ್ಲಿ ಹೊಗೆಯು ಆಕಾಶವನ್ನು ಕವಿಯುತ್ತದೆ. ಇವೆಲ್ಲವನ್ನೂ ಬಲ್ಲವನು ಆ ಊರಿನವನೇ ಹೊರತು ದೂರದರ್ಶಕದ ಕೈಪಿಡಿಯಲ್ಲ.

ಮೂರನೆಯ ಪ್ರಯತ್ನದಲ್ಲಿ ನಕ್ಷತ್ರಗಳು ಸೂಜಿಮೊನೆಯಂತಿವೆ; ನೀಹಾರಿಕೆಯ ರೆಕ್ಕೆಗಳೂ ತೋರುತ್ತಿವೆ. ಆದರೆ ಚಿತ್ರದ ತುಂಬ ಮರಳು ಚೆಲ್ಲಿದಂತಹ ಕಾಳುಕಾಳು. ಬೆಳಕು ಕಣಗಳಾಗಿ, ಅನಿಯತವಾಗಿ ಬೀಳುವುದರಿಂದಲೂ ಸಂವೇದಕದ ಸ್ವಂತ ಏರಿಳಿತದಿಂದಲೂ ಈ ಕಾಳು ಉಂಟಾಗುತ್ತದೆ. ಇದಕ್ಕೆ ಮದ್ದು ಸಂಕಲನ. 30 ಸೆಕೆಂಡುಗಳ 100 ಚಿತ್ರಗಳನ್ನು ತೆಗೆದು, ಗಣಕಯಂತ್ರದಲ್ಲಿ ಒಂದರ ಮೇಲೊಂದು ಹೊಂದಿಸಿ ಕೂಡಿಸಬೇಕು. ಆಗ ನೀಹಾರಿಕೆಯ ಬೆಳಕು 100 ಪಟ್ಟಾಗುತ್ತದೆ. ಅನಿಯತವಾದ ಏರಿಳಿತಗಳು ಕೆಲವೆಡೆ ಹೆಚ್ಚು, ಕೆಲವೆಡೆ ಕಡಿಮೆಯಾಗಿ ಪರಸ್ಪರ ಸರಿದೂಗುವುದರಿಂದ, 100ರ ವರ್ಗಮೂಲದಷ್ಟು, ಎಂದರೆ 10 ಪಟ್ಟು ಮಾತ್ರ ಬೆಳೆಯುತ್ತವೆ. ಒಟ್ಟಿನಲ್ಲಿ ಚಿತ್ರದ ಸ್ಪಷ್ಟತೆ 10 ಪಟ್ಟು ಹೆಚ್ಚುತ್ತದೆ. 30 ಸೆಕೆಂಡುಗಳ 100 ಚಿತ್ರಗಳೆಂದರೆ 50 ನಿಮಿಷ. 1880ರಲ್ಲಿ ಡ್ರೇಪರ್ ಕಾದದ್ದೂ ಸುಮಾರು ಅಷ್ಟೇ ಹೊತ್ತು!

ಇನ್ನೆರಡು ಬಗೆಯ ಚಿತ್ರಗಳೂ ಅವಶ್ಯಕ. ದೂರದರ್ಶಕದ ಬಾಯಿಯನ್ನು ಮುಚ್ಚಿ, ಅಷ್ಟೇ ಕಾಲದ ಕತ್ತಲೆಯ ಚಿತ್ರಗಳನ್ನು ತೆಗೆದರೆ, ಬೆಳಕಿಲ್ಲದೆಯೂ ಹೊಳೆಯುವ ದೋಷಪೂರಿತ ಕೋಶಗಳು ಯಾವುವೆಂದು ತಿಳಿಯುತ್ತದೆ, ಅವನ್ನು ಕಳೆಯಬಹುದು. ಸಮನಾಗಿ ಬೆಳಗಿದ ಬಿಳಿಯ ಬಟ್ಟೆಯನ್ನು ಚಿತ್ರಿಸಿದರೆ, ಗಾಜಿನ ಮೇಲಣ ಧೂಳಿನ ನೆರಳೂ ಅಂಚುಗಳ ಮಬ್ಬೂ ಗೊತ್ತಾಗುತ್ತವೆ. ಅವನ್ನು ಭಾಗಾಹಾರದಿಂದ ಸರಿಪಡಿಸಬಹುದು. ಇವು ಹವ್ಯಾಸಿಯ ಕಸರತ್ತುಗಳಲ್ಲ. ಲಡಾಖಿನ ಹಾನ್ಲೆಯಲ್ಲಿ ಸುಮಾರು 4,500 ಮೀಟರ್ ಎತ್ತರದಲ್ಲಿರುವ, 2 ಮೀಟರ್ ದರ್ಪಣದ ಹಿಮಾಲಯನ್ ಚಂದ್ರ ದೂರದರ್ಶಕವನ್ನು ಭಾರತೀಯ ಖಭೌತ ಸಂಸ್ಥೆಯ ವಿಜ್ಞಾನಿಗಳು ಬೆಂಗಳೂರಿನ ಬಳಿಯ ಹೊಸಕೋಟೆಯಿಂದ, ಉಪಗ್ರಹದ ಸಂಪರ್ಕದ ಮೂಲಕ ನಡೆಸುತ್ತಾರೆ. ಅಂತಹ ಯಂತ್ರದ ಚಿತ್ರಗಳಿಗೂ ಇದೇ ಬಗೆಯ ಕಳೆಯುವ, ಭಾಗಿಸುವ ಸಂಸ್ಕಾರ ನಡೆಯಬೇಕು.

ಇನ್ನು ಬಣ್ಣದ ಮಾತು. ಮಂದವಾದ ಬೆಳಕಿನಲ್ಲಿ ಕೆಲಸ ಮಾಡುವ ನಮ್ಮ ಕಣ್ಣಿನ ಕೋಶಗಳಿಗೆ ಬಣ್ಣದ ಅರಿವಿಲ್ಲ. ಆದ್ದರಿಂದ ನೀಹಾರಿಕೆ ಬೂದಿಯಾಗಿ ತೋರುತ್ತದೆ. ಸಂವೇದಕವು ಜಲಜನಕದ ಕೆಂಪು ಬೆಳಕನ್ನು ಗುರುತಿಸಬಲ್ಲುದು. ಆದರೆ ಮನುಷ್ಯರ ಮೈಬಣ್ಣ ಸಹಜವಾಗಿ ಬರಲೆಂದು ಸಾಮಾನ್ಯ ಕ್ಯಾಮರಾಗಳಲ್ಲಿ ಅಳವಡಿಸಿರುವ ಶೋಧಕವು ಈ ಕೆಂಪಿನ ಬಹುಭಾಗವನ್ನು ತಡೆಯುತ್ತದೆ. ವಿದ್ಯಾರ್ಥಿನಿಯ ಚಿತ್ರವು ಪುಸ್ತಕದಷ್ಟು ಕೆಂಪಾಗಿಲ್ಲದಿದ್ದರೆ ಅದು ಅವಳ ತಪ್ಪಲ್ಲ. ಕಡೆಯಲ್ಲಿ ಗಣಕಯಂತ್ರದಿಂದ ಕೆಂಪನ್ನು ಬಳಿದು ಚಿತ್ರವನ್ನು ಪುಸ್ತಕದಂತೆ ಮಾಡಬೇಕೆಂಬ ಆಸೆ ಹುಟ್ಟುವುದು ಸಹಜ. ಇಲ್ಲಿಯೇ ಎಚ್ಚರ ಬೇಕು. ಇದ್ದ ಬೆಳಕನ್ನು ಕಾಣುವಂತೆ ಮಾಡುವುದು ಬೇರೆ. ಇಲ್ಲದ ಬೆಳಕನ್ನು ಸೇರಿಸುವುದು ಬೇರೆ. ಮೊದಲನೆಯದು ಅಳತೆ, ಎರಡನೆಯದು ಅಲಂಕಾರ.

ಅಳತೆಯಾಗಿ ಉಳಿದ ಚಿತ್ರದ ಬೆಲೆಯೇನೆಂಬುದಕ್ಕೆ ಎರಡು ನಿದರ್ಶನಗಳು. ಇಂಗ್ಲೆಂಡಿನ ಐಸಾಕ್ ರಾಬರ್ಟ್ಸ್ ಎಂಬ ಹವ್ಯಾಸಿಯು 1888ರಲ್ಲಿ ತೆಗೆದ ಆಂಡ್ರೊಮಿಡಾ ನೀಹಾರಿಕೆಯ ಚಿತ್ರದಲ್ಲಿ ಸುರುಳಿಯಾಕಾರವು ಸ್ಪಷ್ಟವಾಗಿ ತೋರಿತು. ಅದು ಹುಟ್ಟುತ್ತಿರುವ ಸೌರವ್ಯೂಹವೆಂದು ಅವರು ಭಾವಿಸಿದರು. ಆ ಊಹೆ ತಪ್ಪು; ಚಿತ್ರ ಮಾತ್ರ ಸತ್ಯ. 1923ರಲ್ಲಿ ಎಡ್ವಿನ್ ಹಬಲ್ ಅವರು ಅದೇ ನೀಹಾರಿಕೆಯ ಹೊಸ ಫಲಕವನ್ನು ಹಳೆಯ ಫಲಕಗಳೊಂದಿಗೆ ಹೋಲಿಸಿ, ಅಲ್ಲಿ ಬೆಳಕು ಏರಿಳಿಯುವ ಒಂದು ನಕ್ಷತ್ರವನ್ನು ಕಂಡು, ಅದರಿಂದ ದೂರವನ್ನು ಲೆಕ್ಕಹಾಕಿ, ಆಂಡ್ರೊಮಿಡಾ ನಮ್ಮ ಆಕಾಶಗಂಗೆಯ ಹೊರಗಿನ ಬೇರೊಂದು ನಕ್ಷತ್ರಲೋಕವೆಂದು ತೋರಿಸಿದರು. ಅದರ ದೂರ ಸುಮಾರು 25 ಲಕ್ಷ ಜ್ಯೋತಿರ್ವರ್ಷಗಳೆಂದು ಇಂದು ತಿಳಿದಿದೆ.

ಎರಡನೆಯದು ನಮ್ಮ ಕಾಲದ್ದು. ಅರ್ಜೆಂಟೀನಾದ ರೊಸಾರಿಯೊ ನಗರದಲ್ಲಿ ಬೀಗದ ಕೆಲಸದ ಕಸುಬಿನವರಾದ ವಿಕ್ತೊರ್ ಬೂಸೊ ಅವರು 2016ರ ಸೆಪ್ಟೆಂಬರ್ 20ರ ರಾತ್ರಿ ತಮ್ಮ ಹೊಸ ಕ್ಯಾಮರಾವನ್ನು ಪರೀಕ್ಷಿಸಲು ಒಂದು ಗೆಲಾಕ್ಸಿಯ ಚಿತ್ರಗಳನ್ನು ತೆಗೆಯುತ್ತಿದ್ದರು. ನಗರದ ದೀಪಗಳಿಂದ ಆಕಾಶ ಬೆಳ್ಳಗಾಗಿದ್ದ ಕಾರಣ ದೀರ್ಘಕಾಲದ ಚಿತ್ರ ಸಾಧ್ಯವಿರಲಿಲ್ಲ. 20 ಸೆಕೆಂಡುಗಳ ಚಿಕ್ಕ ಚಿತ್ರಗಳನ್ನು ಸಾಲಾಗಿ ತೆಗೆದರು. ಮೊದಲ ಚಿತ್ರಗಳಲ್ಲಿ ಇಲ್ಲದ ಒಂದು ಚುಕ್ಕೆ ಮುಂದಿನವುಗಳಲ್ಲಿ ಕಾಣಿಸಿ ಕ್ರಮೇಣ ಉಜ್ವಲವಾಗುತ್ತ ಹೋಯಿತು. ಅದು ನಕ್ಷತ್ರವೊಂದು ಸ್ಫೋಟಗೊಂಡ ಆರಂಭದ ಬೆಳಕು. ವಿಜ್ಞಾನಿಗಳು ಬಹುಕಾಲದಿಂದ ಹುಡುಕುತ್ತಿದ್ದ ಗಳಿಗೆ. ಅವರು ಎಲ್ಲವನ್ನೂ ಕೂಡಿಸಿ ಒಂದೇ ಸುಂದರ ಚಿತ್ರವನ್ನು ಉಳಿಸಿಕೊಂಡು ಬಿಡಿ ಚಿತ್ರಗಳನ್ನು ಅಳಿಸಿದ್ದರೆ ಆ ಏರಿಕೆಯ ಕಥೆ ಮಣ್ಣುಪಾಲಾಗುತ್ತಿತ್ತು.

ಆದಕಾರಣ ನಮ್ಮ ವಿದ್ಯಾರ್ಥಿನಿಗೆ ಹೇಳುವ ಮಾತು ಇಷ್ಟೆ. ಗೆರೆಬಿದ್ದ ಚಿತ್ರವನ್ನೂ ಕಾಳುಬಿದ್ದ ಚಿತ್ರವನ್ನೂ ಎಸೆಯಬೇಡ. ಪ್ರತಿಯೊಂದರ ದಿನಾಂಕ, ವೇಳೆ, ಕಾಲಾವಧಿಗಳನ್ನು ಪುಸ್ತಕದಲ್ಲಿ ಬರೆದಿಡು. ಅಮಾವಾಸ್ಯೆಯ ರಾತ್ರಿ ಹೊರಗೆ ಹೋಗಬಾರದೆಂದು ಮನೆಯ ಹಿರಿಯರು ಹೇಳಿದರೆ, ಆ ಕತ್ತಲೆ ಏಕೆ ಬೇಕೆಂಬುದನ್ನು ಅವರಿಗೆ ವಿವರಿಸಿ, ಅವರನ್ನೂ ಜೊತೆಗೆ ಕರೆದುಕೊಂಡು ಹೋಗು. ಬೀದಿಯ ದೀಪಗಳು ನೆಲವನ್ನು ಬೆಳಗಲಿ, ಆಕಾಶವನ್ನಲ್ಲ ಎಂದು ಊರಿನವರಿಗೆ ತಿಳಿಹೇಳು. ದೀಪಕ್ಕೆ ಮೇಲೊಂದು ಮರೆ ಹಾಕಿದರೆ ಸಾಕು. ದೊಡ್ಡ ದೂರದರ್ಶಕವನ್ನು ಹಣದಿಂದ ಕೊಳ್ಳಬಹುದು. ಒಮ್ಮೆ ಕಳೆದುಹೋದ ಕತ್ತಲೆಯನ್ನು ಕೊಳ್ಳುವುದು ಕಷ್ಟ. ಆ ಕತ್ತಲೆಯೊಳಗಿಂದ, 1,300 ವರ್ಷಗಳ ಹಿಂದೆ ಹೊರಟ ಬೆಳಕು ಹನಿಹನಿಯಾಗಿ ಇಂದಿಗೂ ನಾಗನೂರಿನ ಹೊಲದ ಮೇಲೆ ಬೀಳುತ್ತಿದೆ. ಕೊಡವನ್ನು ಅಲುಗದಂತೆ ಹಿಡಿಯುವುದಷ್ಟೇ ನಮ್ಮ ಕೆಲಸ.