ತಂಬೂರಿಗೆ ಅಡ್ಡಬರುವ ನೂರು ಹರ್ಟ್ಸ್

ಪುಣೆಯ ಸದಾಶಿವ ಪೇಠದಲ್ಲಿ ಮನೆಯಲ್ಲೇ ವಾಲ್ವ್ ಆಂಪ್ಲಿಫೈಯರ್ ಕಟ್ಟಬೇಕೆನ್ನುವವರಿಗೆ ತಂತಿ, ರೆಸಿಸ್ಟರ್, ಕೆಪಾಸಿಟರುಗಳಿಗಾಗಿ ದೂರ ಹೋಗಬೇಕಾಗಿಲ್ಲ. ಬುಧವಾರ ಪೇಠದ ತಪಕೀರ್ ಗಲ್ಲಿ ನಡೆದುಹೋಗುವಷ್ಟು ಹತ್ತಿರ. ಕೇಳುವುದಕ್ಕೆ ಸಂಗೀತವೂ ಧಾರಾಳ. ಕುಂದಗೋಳದ ಸವಾಯಿ ಗಂಧರ್ವರ ಸ್ಮರಣೆಗೆ ಗದುಗಿನ ಭೀಮಸೇನ ಜೋಶಿಯವರು 1953ರಲ್ಲಿ ಶುರುಮಾಡಿದ ಉತ್ಸವ ಈ ಊರಿನದೇ. ತಪ್ಪುವುದು ಖರ್ಚಿನ ಲೆಕ್ಕ. ಹವ್ಯಾಸಿಗಳು ಹೆಚ್ಚಾಗಿ ಹೆಸರುವಾಸಿ ವಾಲ್ವುಗಳಿಗೆ ಹಣ ಸುರಿದು, ಉಳಿದ ಚಿಲ್ಲರೆಯಲ್ಲಿ ಪವರ್ ಸಪ್ಲೈ ಮುಗಿಸುತ್ತಾರೆ. ಖಯಾಲ್ ಕೇಳಲೆಂದು ಕಟ್ಟುವ ಯಂತ್ರದಲ್ಲಿ ಈ ಕ್ರಮ ತಲೆಕೆಳಗಾಗಬೇಕು.

ಕಾರಣ ಸರಳ. ವಾಲ್ವ್ ತಾನಾಗಿ ಧ್ವನಿಯನ್ನು ಹುಟ್ಟಿಸುವುದಿಲ್ಲ, ಅದರದು ಕೆರೆಯ ತೂಬಿನ ಕೆಲಸ. ಸ್ಪೀಕರಿಗೆ ತಲುಪುವ ಶಕ್ತಿಯೆಲ್ಲ ಪವರ್ ಸಪ್ಲೈಯದೇ. ಕೆರೆಯೇ ತುಳುಕುತ್ತಿದ್ದರೆ ತೂಬು ಎಷ್ಟು ನಾಜೂಕಾಗಿದ್ದೂ ಏನು ಬಂತು? ಎರಡು ಇಎಲ್84 ವಾಲ್ವುಗಳ ಆಂಪ್ಲಿಫೈಯರು 300 ವೋಲ್ಟಿನಲ್ಲಿ 100 ಮಿಲಿಆಂಪಿಯರ್ ಎಳೆಯುತ್ತದೆ ಎಂದುಕೊಳ್ಳೋಣ. ನಮ್ಮ ಮನೆಗಳ ವಿದ್ಯುತ್ತು 50 ಹರ್ಟ್ಸಿನದು. ರೆಕ್ಟಿಫೈಯರು ಅಲೆಯ ಎರಡೂ ಬದಿಯನ್ನು ಬಳಸುವುದರಿಂದ ಕೆಪಾಸಿಟರು ಸೆಕೆಂಡಿಗೆ 100 ಸಲ ತುಂಬಿ ಬರಿದಾಗುತ್ತದೆ. ಅದು 50 ಮೈಕ್ರೊಫ್ಯಾರಡ್ಡಿನದಾದರೆ ವೋಲ್ಟೇಜು ಪ್ರತಿ ಸಲ ಹತ್ತಿರಹತ್ತಿರ 20 ವೋಲ್ಟ್ ಏರಿಳಿಯುತ್ತದೆ. ಅದರ ಮುಂದೆ 10 ಹೆನ್ರಿಯ ಚೋಕ್ (ಏರಿಳಿತ ತಡೆಯುವ ತಂತಿಸುರುಳಿ) ಹಾಗೂ ಇನ್ನೊಂದು 50 ಮೈಕ್ರೊಫ್ಯಾರಡ್ ಕೂಡಿಸಿದರೆ ಆ ಏರಿಳಿತ ಸುಮಾರು ಇನ್ನೂರರಲ್ಲಿ ಒಂದು ಪಾಲಿಗೆ, ಅಂದರೆ ವೋಲ್ಟಿನ ಹತ್ತನೇ ಒಂದಕ್ಕೆ, ಇಳಿಯುತ್ತದೆ. ಅಗ್ಗವೆಂದು ಚೋಕಿನ ಜಾಗದಲ್ಲಿ 1000 ಓಮಿನ ರೆಸಿಸ್ಟರ್ ಇಟ್ಟರೆ ಸೋಸುವಿಕೆ ಮೂವತ್ತರಲ್ಲಿ ಒಂದಷ್ಟೇ, ಮೇಲಾಗಿ 100 ವೋಲ್ಟು ಶಾಖವಾಗಿ ವ್ಯರ್ಥ.

ಉಳಿದ ಗುಂಯ್‌ಗುಡುವಿಕೆ ಅಬ್ಬರದ ವಾದ್ಯಮೇಳದಲ್ಲಿ ಮುಚ್ಚಿಹೋದೀತು. ಹಿಂದೂಸ್ತಾನಿ ಗಾಯನದಲ್ಲಿ ಹಾಗಾಗದು. ಗಂಡುದನಿಗೆ ಸಾಮಾನ್ಯವಾದ ‘ಕಾಳಿ ಏಕ್’ ಶ್ರುತಿಯಲ್ಲಿ ಷಡ್ಜ 138.6 ಹರ್ಟ್ಸ್, ತಂಬೂರಿಯ ಮಂದ್ರ ಪಂಚಮ ಅದರ ಮುಕ್ಕಾಲು, ಸುಮಾರು 104. ವಿದ್ಯುತ್ತಿನ 100 ಹರ್ಟ್ಸ್ ಅದರ ಪಕ್ಕದಲ್ಲೇ ಬಂದು ಕೂರುತ್ತದೆ. ಎರಡೂ ಕೂಡಿದಾಗ ದನಿ ಸೆಕೆಂಡಿಗೆ ನಾಲ್ಕು ಸಲ ಉಬ್ಬಿ ತಗ್ಗುತ್ತದೆ. ತಂಬೂರಿಯ ಶ್ರುತಿ ಸರಿಯಿಲ್ಲವೇನೋ ಅನ್ನಿಸುವುದು ಇಂಥಲ್ಲಿ. ಇಷ್ಟು ಕೆಳಗಿನ ಸ್ವರಕ್ಕೆ ಕಿವಿ ಮಂದ ಎಂದು ಕೆಲವರು ವಾದಿಸುತ್ತಾರೆ. ಮಾತು ನಿಜ. ಆದರೆ ಈ ಏರಿಳಿತ ಗರಗಸದ ಆಕಾರದ್ದು, 200 ಮತ್ತು 300 ಹರ್ಟ್ಸಿನ ಅಂಶಗಳೂ ಅದರಲ್ಲಿವೆ. ಅಲ್ಲಿ ಕಿವಿ ಅಷ್ಟು ಮಂದವಲ್ಲ, ಜವಾರಿ ಹಚ್ಚಿದ ತಂಬೂರಿಯ ಜೀವವಿರುವುದೂ ಮೇಲಿನ ಸ್ವರಾಂಶಗಳಲ್ಲೇ.

ಹೀಗಿರುವಾಗ ಅಮೆರಿಕದ ನಕಾಶೆಯನ್ನು ಇದ್ದಂತೆಯೇ ಇಳಿಸಿಕೊಳ್ಳುವುದು ಅಪಾಯ. ಅಲ್ಲಿಯದು 60 ಹರ್ಟ್ಸ್. ಇಲ್ಲಿ ಮೊದಲ ಕೆಪಾಸಿಟರಿನಲ್ಲೇ ಏರಿಳಿತ 1.2 ಪಟ್ಟು, ಚೋಕಿನ ಘಟ್ಟದಲ್ಲಿ ಮತ್ತೆ 1.44 ಪಟ್ಟು. ಅದೇ ಬಿಡಿಭಾಗಗಳಿಂದ ಕೊನೆಗೆ 1.7 ಪಟ್ಟು ಹೆಚ್ಚು ಗದ್ದಲ! ಯುರೋಪಿನ ಹಳೆಯ 220 ವೋಲ್ಟಿನ ಟ್ರಾನ್ಸ್‌ಫಾರ್ಮರಿಗೆ ಬೇರೆಯೇ ತೊಂದರೆ. ಮನೆಯ ವಿದ್ಯುತ್ತು 250ಕ್ಕೆ ಏರಿದ ಹೊತ್ತಿನಲ್ಲಿ 6.3 ವೋಲ್ಟಿನ ಹೀಟರಿಗೆ ಸುಮಾರು 7.2 ಸಿಗುತ್ತದೆ, ವಾಲ್ವಿನ ಆಯುಷ್ಯ ಕರಗುತ್ತದೆ. ಬೆಂಗಳೂರಿನ ಬಿಇಎಲ್ 1960ರ ದಶಕದಲ್ಲಿ ರೇಡಿಯೊ ವಾಲ್ವುಗಳನ್ನು ತಯಾರಿಸುತ್ತಿತ್ತು. ಈಗ ಹಳೆಯ ದಾಸ್ತಾನು ಹುಡುಕಬೇಕು, ಇಲ್ಲವೇ ಹೊರದೇಶದಿಂದ ತರಿಸಬೇಕು. ಸ್ಥಳೀಯ ವೋಲ್ಟೇಜನ್ನು ಅಳೆದು, ಅದಕ್ಕೆ ತಕ್ಕಂತೆ ಟ್ರಾನ್ಸ್‌ಫಾರ್ಮರ್ ಸುತ್ತಿಸುವುದೇ ಕೊನೆಗೆ ಅಗ್ಗ.

ಎರಡು ವಾಲ್ವುಗಳು ಎದುರುಬದುರಾಗಿ ದುಡಿಯುವ ಪುಶ್-ಪುಲ್ ಜೋಡಣೆಯಲ್ಲಿ ಏರಿಳಿತ ತಾನೇ ವಜಾ ಆಗುತ್ತದಲ್ಲ ಎಂಬುದು ಬಲವಾದ ಆಕ್ಷೇಪ. ಅವೆರಡೂ ಸರಿಜೋಡಿಯಾಗಿರುವಷ್ಟು ಕಾಲ ಅದು ಸರಿ, ಹಳತಾದಂತೆ ಅವು ಬೇರೆಬೇರೆ ದಾರಿ ಹಿಡಿಯುತ್ತವೆ. ಮೊದಲ ಘಟ್ಟದ ಇಸಿಸಿ83 ವಾಲ್ವಿಗಂತೂ ಜೊತೆಗಾರನಿಲ್ಲ, ಅಲ್ಲಿ ನುಸುಳಿದ ಗದ್ದಲವನ್ನು ಮುಂದಿನ ಘಟ್ಟಗಳು ನಿಷ್ಠೆಯಿಂದ ದೊಡ್ಡದು ಮಾಡುತ್ತವೆ. ಕೆಪಾಸಿಟರ್ ಈಗ ಅಗ್ಗ, 470 ಮೈಕ್ರೊಫ್ಯಾರಡ್ ಹಾಕಿದರಾಯಿತು ಎನ್ನುವವರು ರೆಕ್ಟಿಫೈಯರನ್ನು ಮರೆತಿರುತ್ತಾರೆ. ಜಿಝಡ್34 ವಾಲ್ವಿಗೆ ನೇರ ಜೋಡಿಸಬಹುದಾದ ಮಿತಿ 60 ಮೈಕ್ರೊಫ್ಯಾರಡ್. ಸಿಲಿಕಾನ್ ಡಯೋಡು ಹೆಚ್ಚಿನದನ್ನು ತಾಳುತ್ತದೆ ನಿಜ, ಆದರೆ ಕರೆಂಟು ಚಿಕ್ಕ, ಚೂಪಾದ ಮಿಡಿತಗಳಲ್ಲಿ ಹರಿದು ಟ್ರಾನ್ಸ್‌ಫಾರ್ಮರನ್ನು ಕಾಯಿಸುತ್ತದೆ, ಅಕ್ಕಪಕ್ಕದ ತಂತಿಗಳಿಗೆ ಕರಕರ ಹಚ್ಚುತ್ತದೆ. ಮಾಸ್‌ಫೆಟ್ ರೆಗ್ಯುಲೇಟರಿನ ಪರವಾದ ವಾದವನ್ನು ಮಾತ್ರ ಒಪ್ಪಲೇಬೇಕು. ಗದ್ದಲವನ್ನೂ ವೋಲ್ಟೇಜಿನ ಏರುಪೇರನ್ನೂ ಅದು ಒಟ್ಟಿಗೇ ಹಿಡಿಯುತ್ತದೆ. ಮೊದಲ ಘಟ್ಟಕ್ಕೆ ಅದನ್ನು ಬಳಸಿ, ಉಳಿದದ್ದಕ್ಕೆ ಚೋಕ್ ಸಾಕು.

ಕೊನೆಗೊಂದು ಮಾತು. ಸ್ವಿಚ್ ಆರಿಸಿದ ಮೇಲೂ ಕೆಪಾಸಿಟರಿನಲ್ಲಿ ಜೀವ ತೆಗೆಯುವಷ್ಟು ವೋಲ್ಟೇಜು ನಿಂತಿರಬಹುದು. ಒಂದು ವ್ಯಾಟಿನ, ಒಂದು ಲಕ್ಷ ಓಮಿನ ಎರಡು ರೆಸಿಸ್ಟರುಗಳನ್ನು ಸರಣಿಯಲ್ಲಿ ಅದಕ್ಕೆ ಅಡ್ಡಲಾಗಿ ಖಾಯಂ ಬೆಸುಗೆ ಹಾಕಿ. 100 ಮೈಕ್ರೊಫ್ಯಾರಡ್ ಬರಿದಾಗಲು ಎರಡು ನಿಮಿಷ ಸಾಕು. ಆದರೂ ಮೀಟರಿನಿಂದ ಅಳೆಯದೆ ಒಳಗೆ ಕೈ ಹಾಕಬೇಡಿ.