ನಿಮಗಿದು ಗೊತ್ತೆ? ಕೀಲಿಯ ಜೊತೆ ಸವೆತವೂ ನಕಲಾಗುತ್ತದೆ!

ಹಳೆಯ ಪಿಕಪ್‌ನಲ್ಲಿ ಕೀಲಿ ತಿರುಗದೆ ಸತಾಯಿಸಿದರೆ ಇಗ್ನಿಷನ್ ಬೀಗವೇ ಹೋಯಿತೆಂದು ತಕ್ಷಣ ತೀರ್ಮಾನಿಸಬೇಡಿ. ಬೀಗದ ಸಿಲಿಂಡರಿನೊಳಗೆ ಸ್ಪ್ರಿಂಗ್ ತಳ್ಳುವ ತೆಳ್ಳನೆಯ ಹಿತ್ತಾಳೆ ಬಿಲ್ಲೆಗಳಿರುತ್ತವೆ. ಕೀಲಿಯ ಒಂದೊಂದು ಕಚ್ಚೂ ಒಂದೊಂದು ಬಿಲ್ಲೆಯನ್ನು ಸರಿಯಾದ ಮಟ್ಟಕ್ಕೆ ತಂದರೆ ಮಾತ್ರ ಸಿಲಿಂಡರ್ ತಿರುಗುತ್ತದೆ. ವರ್ಷಗಟ್ಟಲೆ ಉಜ್ಜಾಡಿ ಬಿಲ್ಲೆಯೂ ಸವೆಯುತ್ತದೆ, ಕೀಲಿಯೂ ಸವೆಯುತ್ತದೆ. ಸವೆದ ಕೀಲಿಯನ್ನೇ ಕೊಟ್ಟು ನಕಲು ಮಾಡಿಸಿದರೆ ಹೊಸ ಕೀಲಿಗೂ ಅದೇ ಸವೆತ ಬರುತ್ತದೆ. ಕಂಪನಿಯ ಮೂಲ ಕೀಲಿ ಸಂಖ್ಯೆ ಸಿಕ್ಕರೆ ಅದರಂತೆ ಮಾಡಿಸುವುದೇ ಸರಿ. ಎಷ್ಟೋ ಸಲ ರಿಪೇರಿ ಅಷ್ಟಕ್ಕೇ ಮುಗಿಯುತ್ತದೆ.

ಬಿಗಿಯಾದ ಬೀಗಕ್ಕೆ ಎಣ್ಣೆ ಬಿಡುವ ಅಭ್ಯಾಸ ಬಹಳ ಜನರಿಗಿದೆ. ಆದರೆ ಎಣ್ಣೆಗೆ ಧೂಳು ಅಂಟಿ ಒಳಗೆ ಗಸಿಯಾಗುತ್ತದೆ. ಅದರ ಬದಲು ಒಣ ಗ್ರಾಫೈಟ್ ಪುಡಿ ಒಳ್ಳೆಯದು.

ಸಿಲಿಂಡರನ್ನೇ ಬದಲಿಸಬೇಕಾದರೂ ಕೆಲಸ ದೊಡ್ಡದಲ್ಲ. ಅಮೆರಿಕದ 1980–90ರ ದಶಕಗಳ ಹಲವು ಫೋರ್ಡ್ ಎಫ್-150 ಗಾಡಿಗಳಲ್ಲಿ ಮೊದಲು ಬ್ಯಾಟರಿಯ ನೆಗೆಟಿವ್ ವೈರ್ ಬಿಚ್ಚಿ, ಕೀಲಿಯನ್ನು 'ರನ್' ಸ್ಥಾನಕ್ಕೆ ತಿರುಗಿಸಬೇಕು. ಸ್ಟೀರಿಂಗ್ ಕಾಲಮ್ಮಿನ ಪುಟ್ಟ ರಂಧ್ರದಲ್ಲಿ ಸುಮಾರು 3 ಮಿ.ಮೀ. ದಪ್ಪದ ಕಡ್ಡಿ ತೂರಿಸಿ ಒಳಗಿನ ಪಿನ್ ಒತ್ತಿ ಹಿಡಿದು ಎಳೆದರೆ ಸಿಲಿಂಡರ್ ಕೈಗೆ ಬರುತ್ತದೆ. ಹೊಸದನ್ನು ಕೂರಿಸುವುದೂ ಹಾಗೆಯೇ.

ಹೀಗೆ ಸಿಲಿಂಡರ್ ತೆಗೆಯಲು ಸಾಧ್ಯವಾಗುವುದು ಕೀಲಿ ಇನ್ನೂ ತಿರುಗುತ್ತಿದ್ದರೆ ಮಾತ್ರ. ಪೂರ್ತಿ ಸಿಕ್ಕಿಕೊಂಡ ಮೇಲೆ ಸಾಮಾನ್ಯವಾಗಿ ಬೀಗಕ್ಕೆ ಡ್ರಿಲ್ ಹಾಕಿ ಒಡೆಯಬೇಕಾಗುತ್ತದೆ. ಕೀಲಿ ತಡವರಿಸಲು ಶುರುವಾದ ಕೂಡಲೇ ಮೆಕ್ಯಾನಿಕ್‌ಗೆ ತೋರಿಸಿ.