ಹಳೆಯ ಏರ್ ಗನ್ನಿಗೆ ತಕ್ಕ ಗುಂಡು

ತೋಟದ ಮನೆಯ ಅಟ್ಟದ ಮೇಲೋ ಬಾಗಿಲ ಹಿಂದಿನ ಮೊಳೆಯಲ್ಲೋ ಹಿರಿಯರ ಕಾಲದ ಒಂದು ಏರ್ ಗನ್ ಇರುವುದು ನಮ್ಮ ಬೆಳೆಗಾರರಲ್ಲಿ ಅಪರೂಪವೇನಲ್ಲ. ಜರ್ಮನಿಯ ಡಯಾನಾ, ಇಂಗ್ಲೆಂಡಿನ ಬಿ.ಎಸ್.ಎ. ಅಥವಾ ವೆಬ್ಲಿ, ಹೀಗೆ ಯಾವುದಾದರೊಂದು. ಅದರ ವಿಷಯ ಎತ್ತಿದರೆ ಮನೆಯವರಿಂದ ಬರುವ ಮಾತು ಒಂದೇ: "ಅದರ ಗುರಿ ಕೆಟ್ಟುಹೋಗಿದೆ." ನಳಿಕೆ ಸೊಟ್ಟಗಾಗಿದೆ, ಸ್ಪ್ರಿಂಗ್ ಸತ್ತಿದೆ ಎಂದು ತಾವೇ ತೀರ್ಮಾನಿಸಿ ಗುಜರಿಗೆ ಹಾಕಿದವರೂ ಉಂಟು. ಅನೇಕ ವೇಳೆ ದೋಷವಿರುವುದು ಗನ್ನಿನಲ್ಲಲ್ಲ, ಅದಕ್ಕೆ ತುಂಬಿದ ಗುಂಡಿನಲ್ಲಿ.

ದೊಡ್ಡಬಳ್ಳಾಪುರ ತಾಲ್ಲೂಕಿನ ರಾಜಘಟ್ಟದಲ್ಲಿರುವ ನಮ್ಮ ಭಾವನವರ ಮನೆಯಲ್ಲಿ ಇಂಥದೇ ಒಂದು ಡಯಾನಾ 27 ಇದೆ. ಅವರದು ಬೋರ್‌ವೆಲ್ ನೀರನ್ನು ನಂಬಿದ ಸಣ್ಣ ಅಡಿಕೆ ತೋಟ. ಹತ್ತು ಗಜದಿಂದ ಹೊಡೆದರೆ ಐದು ಗುಂಡುಗಳು ಅಂಗೈ ಅಗಲಕ್ಕೆ ಚೆದರುತ್ತಿದ್ದವು. ಪೇಟೆಯ ರಿಪೇರಿಯವರೊಬ್ಬರು ಸ್ಪ್ರಿಂಗ್ ಬದಲಿಸಬೇಕೆಂದು ಹೇಳಿದ್ದರಂತೆ. "ದುಡ್ಡು ಆಮೇಲೆ ಹಾಕಿ ಭಾವ, ಮೊದಲು ನಾಲ್ಕು ಬಗೆಯ ಗುಂಡು ತರಿಸಿ" ಎಂದೆ.

ಈ ಪೆಲೆಟ್ ಗುಂಡಿನ ಆಕಾರ ಡಮರುಗದಂತೆ, ನಡು ಸಣ್ಣ. ಮುಂದೆ ತಲೆ ಗಟ್ಟಿ. ಹಿಂಭಾಗ ಲಂಗದಂತೆ ಅಗಲವಾಗಿ, ತೆಳುವಾಗಿ, ಟೊಳ್ಳಾಗಿರುತ್ತದೆ. ಬರ್ಮಿಂಗ್‌ಹ್ಯಾಮಿನ ಲಿಂಕನ್ ಜೆಫ್ರೀಸ್ ರೂಪಿಸಿದ ಏರ್ ರೈಫಲನ್ನು ಬಿ.ಎಸ್.ಎ. ಕಂಪನಿ 1905ರಲ್ಲಿ ತಯಾರಿಸತೊಡಗಿತು. ಈ ಬಗೆಯ ಗುಂಡು ರೂಢಿಗೆ ಬಂದದ್ದೂ ಸುಮಾರು ಆ ಕಾಲದಲ್ಲಿಯೇ. ಕುದುರೆ ಎಳೆದಾಗ ನುಗ್ಗುವ ಗಾಳಿ ಆ ಲಂಗವನ್ನು ಅರಳಿಸಿ ನಳಿಕೆಯ ಗೋಡೆಗೆ ಒತ್ತುತ್ತದೆ. ಒಳಗಿನ ತಿರುಚು ಗೆರೆಗಳು ಗುಂಡನ್ನು ಬುಗುರಿಯಂತೆ ತಿರುಗಿಸುತ್ತವೆ. ಲಂಗ ಒಂದು ಕಡೆ ನಜ್ಜಾಗಿದ್ದರೆ ಗಾಳಿ ಆ ಕಡೆಯಿಂದ ಸೋರಿ, ಗುಂಡು ದಾರಿ ತಪ್ಪುತ್ತದೆ. ತಲೆ ಸಡಿಲವಾದರೆ ಒಳಗೇ ಓಲಾಡುತ್ತದೆ. ಬಿಗಿಯಾದರೆ ಬಲವೆಲ್ಲ ಉಜ್ಜಾಟದಲ್ಲಿ ಕಳೆಯುತ್ತದೆ. 4.5 ಮಿ.ಮೀ. ಎಂದು ಮಾರುವ ಗುಂಡುಗಳಲ್ಲಿಯೇ ತಲೆಯ ಅಳತೆ 4.49ರಿಂದ 4.52ರವರೆಗೆ ಇರುವುದುಂಟು. ಕೂದಲೆಳೆಗಿಂತ ಕಡಿಮೆಯಾದ ಅಂತರ, ಆದರೆ ನಳಿಕೆಗೆ ಅದು ತಿಳಿಯುತ್ತದೆ. ಹಳೆಯ ನಳಿಕೆಗಳು ಒಂದರಂತೆ ಇನ್ನೊಂದು ಇರುವುದಿಲ್ಲವಾದುದರಿಂದ, ಪಕ್ಕದ ತೋಟದವರಿಗೆ ಒದಗಿದ ಗುಂಡು ನಮಗೂ ಒದಗಬೇಕೆಂದಿಲ್ಲ.

ಪರೀಕ್ಷೆಗೆ ಮುಂಚೆ ಗನ್ನನ್ನು ಸರಿಮಾಡಿಕೊಳ್ಳತಕ್ಕದ್ದು. ಮರದ ಹಿಡಿಯ ಸ್ಕ್ರೂಗಳು ಸಡಿಲವಾಗಿದ್ದರೆ ಬಿಗಿ ಮಾಡಿ. ಮಡಿಸುವ ನಳಿಕೆಯ ಸಂದು ಅಲುಗಾಡಬಾರದು. ಹಳೆಯ ಗನ್ನುಗಳ ಪಿಸ್ಟನ್ನಿಗೆ ಚರ್ಮದ ವಾಶರ್ ಇರುತ್ತದೆ; ಬಯಲುಸೀಮೆಯ ಒಣಹವೆಯಲ್ಲಿ ಅದು ಒಣಗಿ ಗಾಳಿ ಬಿಡುತ್ತದೆ. ಎರಡು ತೊಟ್ಟು ಎಣ್ಣೆ ಸಾಕು. ಹೆಚ್ಚಾದರೆ ಒತ್ತಡದ ಬಿಸಿಗೆ ಎಣ್ಣೆಯೇ ಹೊತ್ತಿ, ಹೊಗೆಯೂ ಸದ್ದೂ ಬಂದು, ಒಂದು ಏಟಿನ ಬಲ ಇನ್ನೊಂದಕ್ಕೆ ಇರುವುದಿಲ್ಲ. ಮಲೆನಾಡಿನವರಿಗೆ ಕಾಟ ಬೇರೆ: ಮಳೆಗಾಲದಲ್ಲಿ ನಳಿಕೆಗೆ ತುಕ್ಕು, ಡಬ್ಬಿಯ ಗುಂಡಿಗೆ ಬಿಳಿ ಪುಡಿ. ಪುಡಿ ಹಿಡಿದ ಗುಂಡನ್ನು ಬಳಸಬೇಡಿ. ಆ ಪುಡಿ ವಿಷ.

ಭಾವನವರ ಗನ್ನಿಗೆ ಎಣ್ಣೆ ಬಿಟ್ಟಾಗ ಏಟಿಗೆ ಬಲ ಬಂತು, ಚೆದರುವುದು ಮಾತ್ರ ನಿಲ್ಲಲಿಲ್ಲ. ಅನಂತರ ಗುಂಡುಗಳ ಸರದಿ. ಒಂದೊಂದನ್ನೂ ಕಿಟಕಿಯ ಗಾಜಿನ ತುಂಡಿನ ಮೇಲೆ ಉರುಳಿಸಿ, ಕುಂಟುತ್ತಾ ಉರುಳಿದುದನ್ನು ಬೇರೆ ಇಟ್ಟೆವು. ಬೆರಳಿನಿಂದ ನಳಿಕೆಗೆ ಒತ್ತಿದಾಗ ತಾನಾಗಿ ಜಾರಿ ಬಿದ್ದುದನ್ನೂ ಬಿಟ್ಟೆವು. ತೂಕ ನೋಡಬೇಕೆನ್ನುವವರಿಗೆ ಅಕ್ಕಸಾಲಿಗರ ತಕ್ಕಡಿ ಆದೀತು, 4.5ರ ಗುಂಡು ಸಾಮಾನ್ಯವಾಗಿ ಅರ್ಧ ಗ್ರಾಮಿನ ಆಸುಪಾಸು ತೂಗುತ್ತದೆ.

ಹೊಡೆಯುವುದಕ್ಕೆ ಗಾಳಿಯಿಲ್ಲದ ಬೆಳಗಿನ ಹೊತ್ತೇ ಸರಿ. ಮರಳು ತುಂಬಿದ ಪೆಟ್ಟಿಗೆಗೆ ಕಾಗದ ಅಂಟಿಸಿ. ಕಲ್ಲುಗೋಡೆಗೆ ಹೊಡೆದರೆ ಗುಂಡು ತಿರುಗಿ ಬಂದು ಕಣ್ಣಿಗೆ ಬಡಿದೀತು. ಸ್ಪ್ರಿಂಗ್ ಗನ್ ಗುಂಡು ಹೊರಡುವ ಮುನ್ನವೇ ಹಿಂದಕ್ಕೂ ಮುಂದಕ್ಕೂ ಜಿಗಿಯುತ್ತದೆ. ಆದುದರಿಂದ ಅದನ್ನು ಕಟ್ಟೆಯ ಮೇಲೆ ಒತ್ತಿ ಹಿಡಿಯದೆ, ಅಂಗೈ ಮೇಲೆ ಹಗುರವಾಗಿ, ಪ್ರತಿ ಸಲವೂ ಒಂದೇ ಜಾಗದಲ್ಲಿ ಇಟ್ಟುಕೊಳ್ಳಬೇಕು. ಗುಂಡಿನ ಬಗೆ ಬದಲಾದಾಗ ನಳಿಕೆ ಹೊಂದಿಕೊಳ್ಳುವುದಕ್ಕೆ ಮೊದಲ ಹತ್ತು ಏಟನ್ನು ಲೆಕ್ಕಕ್ಕೆ ಹಿಡಿಯಬೇಡಿ. ಬಳಿಕ ಐದೈದರಂತೆ ಹೊಡೆದು, ಅತಿ ದೂರದ ಎರಡು ತೂತುಗಳ ನಡುವಿನ ಅಂತರ ಅಳೆಯಿರಿ. ತೂತುಗಳು ಗುರಿಯ ನಡುವೆ ಬಿದ್ದವೋ ಮೂಲೆಗೆ ಬಿದ್ದವೋ ಈಗ ಮುಖ್ಯವಲ್ಲ, ಒತ್ತಾಗಿ ಬಿದ್ದವೇ ಎಂಬುದಷ್ಟೇ ಮುಖ್ಯ. ನಡುವಿಗೆ ತರುವುದು ಸೈಟಿನ ಕೆಲಸ, ಅದು ಕೊನೆಗೆ. ಒಂದು ದಿನದ ಫಲಕ್ಕೆ ಮರುಳಾಗದೆ ಇನ್ನೊಂದು ಬೆಳಗ್ಗೆ ಮತ್ತೆ ಹೊಡೆದು ನೋಡಿ. ಐದು ಏಟು ಅದೃಷ್ಟದಿಂದಲೂ ಕೂಡಿ ಬೀಳಬಹುದು.

ರಾಜಘಟ್ಟದಲ್ಲಿ ಮೊನೆಚೂಪಿನ ಗುಂಡು ಎಲ್ಲಕ್ಕಿಂತ ಹಿಂದೆ ಬಿತ್ತು. ನೋಡುವುದಕ್ಕೆ ಬಾಣದಂತಿದ್ದರೂ ಮೊನೆ ಸರಿಯಾಗಿ ನಡುವೆ ಕೂತಿರುವುದು ಕಡಿಮೆ. ಬೆಲೆಬಾಳುವ ಭಾರದ ಗುಂಡು ಕೆಳಕ್ಕೆ ಬಿದ್ದು ಮೂರು ಬೆರಳಗಲ ಚೆದರಿತು. ಮುದಿ ಸ್ಪ್ರಿಂಗಿಗೆ ಅದು ಹೊರೆ. ಎಲ್ಲಕ್ಕಿಂತ ಅಗ್ಗದ, ಹಗುರಾದ ಚಪ್ಪಟೆ ತಲೆಯ ಗುಂಡಿನ ಐದೂ ತೂತುಗಳನ್ನು ಒಂದು ರೂಪಾಯಿ ನಾಣ್ಯ ಮುಚ್ಚಿತು. ಸ್ಪ್ರಿಂಗ್ ಹಳೆಯದೇ ಉಳಿಯಿತು. ಚಪ್ಪಟೆ ತಲೆ ಹತ್ತು ಹನ್ನೆರಡು ಗಜಕ್ಕೆ ಲೇಸು. ಇಪ್ಪತ್ತು ದಾಟಿದರೆ ಗುಂಡುತಲೆಯದನ್ನು ಪ್ರಯತ್ನಿಸಬೇಕು. ಉಕ್ಕಿನ ಗೋಲಿಯನ್ನಂತೂ ಈ ನಳಿಕೆಗೆ ಹಾಕಲೇಬೇಡಿ, ಒಳಗಿನ ಗೆರೆ ಸವೆದುಹೋದೀತು.

ಇಷ್ಟೆಲ್ಲ ಏತಕ್ಕೆ ಎಂದು ಕೇಳಬಹುದು. ಕೊಡಗಿನಲ್ಲಿ ಕೈಲ್ ಪೋಳ್ದ್ ಹಬ್ಬದ ಸುಮಾರಿಗೆ ತೆಂಗಿನಕಾಯಿಗೆ ಗುಂಡು ಹೊಡೆಯುವ ಪಂದ್ಯಗಳು ನಡೆಯುತ್ತವೆ, ಕೆಲವೆಡೆ ಏರ್ ಗನ್ ವಿಭಾಗವೂ ಉಂಟು. ಹತ್ತು ಮೀಟರಿನ ಏರ್ ರೈಫಲ್ 1984ರಿಂದ ಒಲಿಂಪಿಕ್ಸಿನಲ್ಲಿದೆ. 2008ರಲ್ಲಿ ಅಭಿನವ್ ಬಿಂದ್ರಾ ಚಿನ್ನ ಗೆದ್ದದ್ದು ಅದರಲ್ಲಿಯೇ. ಮನೆಯ ಮಕ್ಕಳಿಗೆ ಗುರಿ ಕಲಿಸುವುದಕ್ಕೂ ನಂಬಿಕೆಯ ಗನ್ ಬೇಕು. ಆದರೆ ಕೋತಿ, ನವಿಲು, ಕೆಂದಳಿಲುಗಳ ಮೇಲೆ ಇದನ್ನು ಎತ್ತಕೂಡದು. ಬೆಳೆನಷ್ಟದ ಸಂಕಟ ಗೊತ್ತಿಲ್ಲದೆ ಹೇಳುತ್ತಿಲ್ಲ. 1972ರ ವನ್ಯಜೀವಿ ಕಾಯಿದೆಯಂತೆ ಅದು ಅಪರಾಧ. ಮೇಲಾಗಿ ಇಷ್ಟು ಸಣ್ಣ ಗುಂಡಿಗೆ ಪ್ರಾಣಿ ಸಾಯದೆ ಗಾಯ ಕೊಳೆತು ನರಳುತ್ತದೆ. 2016ರ ಆಯುಧ ನಿಯಮಗಳ ಪ್ರಕಾರ ನಳಿಕೆ 4.5 ಮಿ.ಮೀ. ಅಥವಾ ಬಲ 20 ಜೌಲ್ ಮೀರಿದರೆ ಪರವಾನಗಿ ಬೇಕು. 5.5ರ ಹಳೆಯ ಗನ್ ಉಳ್ಳವರು ಠಾಣೆಯಲ್ಲಿ ವಿಚಾರಿಸಿಕೊಳ್ಳುವುದು ಕ್ಷೇಮ.

ಗುಂಡನ್ನು ಬಾಯಲ್ಲಿಟ್ಟುಕೊಳ್ಳುವ ಅಭ್ಯಾಸ ಕೆಲವರಿಗಿದೆ. ಸೀಸ ವಿಷ, ಅದು ಬೇಡ. ಹೊಡೆದ ಮೇಲೆ ಕೈ ತೊಳೆಯಿರಿ. ಅಂಗಳದಲ್ಲಿ ಬಿದ್ದುದನ್ನು ಆರಿಸದಿದ್ದರೆ ಕೋಳಿಗಳು ಹರಳೆಂದು ನುಂಗುತ್ತವೆ.

ನಾಲ್ಕೈದು ಬಗೆಯ ಡಬ್ಬಿಗಳನ್ನು ಒಬ್ಬರೇ ಕೊಳ್ಳುವುದು ದುಬಾರಿ. ಐದು ಮಂದಿ ಸದಸ್ಯರು ಕೂಡಿ ಒಬ್ಬೊಬ್ಬರು ಒಂದೊಂದು ಬಗೆ ತರಿಸಿ, ಐವತ್ತೈವತ್ತರಂತೆ ಹಂಚಿಕೊಂಡರೆ ಎಲ್ಲರ ಪರೀಕ್ಷೆಯೂ ಮುಗಿಯುತ್ತದೆ. ಒಪ್ಪಿಗೆಯಾದ ಡಬ್ಬಿಯ ಮೇಲೆ ಲಾಟ್ ಸಂಖ್ಯೆ ಇದ್ದರೆ ಬರೆದಿಟ್ಟುಕೊಳ್ಳಿ. ಅದೇ ಹೆಸರಿನ ಗುಂಡಾದರೂ ಲಾಟ್ ಬೇರೆಯಾದರೆ ಮತ್ತೆ ಕಾಗದದ ಮೇಲೆ ನೋಡಿಯೇ ಕೊಳ್ಳಬೇಕಾಗುತ್ತದೆ.